ಸೌತೆ ಚಪ್ಪರದ ಬರಿಗೈ ಅಳಿಯ

"ಕೇಳ್ರಪ್ಪೋ ಕೇಳಿ! ರಾಜಮಾತೆಯವರು ಅನ್ನ ಬಿಟ್ಟು ಒಂಬತ್ತು ದಿನವಾಯಿತು. ಅವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ನಾಳೆ ಬೆಳಿಗ್ಗೆ ಮಾಲಿ ಹೊಂಬಾಳಯ್ಯನ ತಲೆಯ ಜೊತೆಗೇ ಉರುಳುವುದು!"

ಕಣಗಿಲೆಕೋಟೆಯ ಬೀದಿಯಲ್ಲಿ ಡಂಗುರದವನು ಹೀಗೆ ಸಾರಿದಾಗ ಹೊಂಬಾಳಯ್ಯನ ಮಗಳು ಕೆಂಪಿ ಹೊಸ್ತಿಲ ಮೇಲೇ ಕುಸಿದು ಕೂತಳು. ಅವಳಪ್ಪ ಮಾಡಿದ ತಪ್ಪಾದರೂ ಏನು ಅಂತೀರಿ? ಅರಮನೆಯ ಹಿತ್ತಿಲಲ್ಲಿ ರಾಜಮಾತೆ ಕೈಯಾರೆ ಬೀಜ ಊರಿದ್ದ ಸೌತೆಬಳ್ಳಿ ಚಪ್ಪರ ತುಂಬ ಹಬ್ಬಿತ್ತು, ಒಂದೇ ಒಂದು ಕಾಯಿ ಬಿಟ್ಟಿರಲಿಲ್ಲ. ಜ್ವರದಲ್ಲಿ ಬಾಯಿ ಕೆಟ್ಟ ಆ ಮುದುಕಮ್ಮ ಅದೇ ಬಳ್ಳಿಯ ಕಾಯಿ ಬೇಕು, ಬೇರೇನೂ ಒಲ್ಲೆ ಎಂದು ಹಟ ಹಿಡಿದಿದ್ದರು. ಕಾಯಿ ಇಲ್ಲವೋ, ಮಾಲಿಯನ್ನು ಸೆರೆಗೆ ಹಾಕು, ತಲೆ ತೆಗೆ! ದೊರೆಗಳ ತಲೆ ಓಡುವುದೇ ಅಷ್ಟು.

ಕೆಂಪಿಯ ಗಂಡ ದ್ಯಾವ ಮನೆಯಳಿಯ. ಉಟ್ಟ ಬಟ್ಟೆಯಲ್ಲಿ ಬಂದು ಸೇರಿದವನು. ಊರವರೆಲ್ಲ ಅವನನ್ನು 'ಬರಿಗೈ ಅಳಿಯ' ಎಂದೇ ಆಡಿಕೊಳ್ಳುತ್ತಿದ್ದರು. ಮಾವ ಮಾತ್ರ ಒಂದು ದಿನವೂ ಹಾಗೆ ಅಂದಿರಲಿಲ್ಲ.

"ನಾನು ಹೋಗ್ತೀನಿ ಕಣೆ," ಎಂದ ದ್ಯಾವ.

"ಒಗಟು ಬಿಡಿಸೋದು ನಿಮಗೇನ್ ಗೊತ್ತು? ಅಪ್ಪನೂ ಹೋಗಿ ನೀವೂ ಹೋದ್ರೆ ನಾನು ಯಾರ ಮುಖ ನೋಡ್ಲಿ?"

"ಮಾವನೇ ಇಲ್ಲದ ಮನೆಗೆ ನಾನ್ಯಾವ ಅಳಿಯ?" ಎಂದು ಹೊರಟೇಬಿಟ್ಟ.

ಸಭೆಯಲ್ಲಿ ದೊರೆ ಸಿಂಹಾಸನದ ಮೇಲಿದ್ದ, ರಾಜಮಾತೆ ಪರದೆಯ ಹಿಂದೆ ಮಂಚದ ಮೇಲಿದ್ದರು. ಸೋತ ದನಿಯಲ್ಲಿ ಮೊದಲ ಒಗಟು ಬಂತು. "ಮದುವೆಯ ದಿನ ಮದುಮಗಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡೇ ಬಂದಳು. ಯಾರೂ ಬೈಯಲಿಲ್ಲ. ಯಾರವಳು?"

ಆಸ್ಥಾನದ ಪಂಡಿತರು "ಕೋತಿ!" ಎಂದರು.

"ಕೋತಿ ಮರಿಯನ್ನು ಅವಚಿಕೊಳ್ಳೋದು ಹೊಟ್ಟೆಗೆ," ಎಂದರು ರಾಜಮಾತೆ. ಭಟರು ಪಂಡಿತರನ್ನು ಎಳೆದೊಯ್ದರು.

ದಳವಾಯಿ ಮೀಸೆ ತಿರುವಿ, "ಅಂಥವಳು ನಮ್ಮ ರಾಜ್ಯದಲ್ಲೇ ಇಲ್ಲ, ಇದ್ದರೆ ಗಡೀಪಾರು!" ಎಂದ. ಅವನನ್ನೂ ಎಳೆದೊಯ್ದರು.

ದ್ಯಾವನ ಸರದಿ ಬಂತು. ಮಾವನ ಜೊತೆ ಚಪ್ಪರದಡಿ ಕೂತು ಕಳೆ ಕಿತ್ತ ದಿನಗಳು ನೆನಪಾದವು. "ಅಮ್ಮಾವ್ರೇ, ಅದು ಸೌತೆಯ ಹೆಣ್ಣು ಹೂವು. ಅರಳುವ ಮೊದಲೇ ಅದರ ಬೆನ್ನಿಗೆ ಕಿರುಬೆರಳಷ್ಟು ಮಿಡಿ ಇರುತ್ತೆ."

ಪರದೆ ಅಲುಗಿತು. "ಸರಿ. ಎಲ್ಲರಿಗಿಂತ ಮೊದಲು ಮದುವೆಗೆ ಬಂದವನು ಬರಿಗೈಲಿ ಬಂದ. ದಂಡಪಿಂಡ ಎಂದು ಹೊರಗಟ್ಟಿದರು. ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಬಂದವನು ಯಾರು, ಅಟ್ಟಿದವನು ಯಾರು?"

ಬರಿಗೈಲಿ ಬಂದವನ ಸಂಗತಿ ದ್ಯಾವನಿಗಲ್ಲದೆ ಇನ್ಯಾರಿಗೆ ಗೊತ್ತು? ಅಟ್ಟಿದವನೂ ಗೊತ್ತಿತ್ತು. ಹೇಳಿದರೆ ಈಗಲೇ ತನ್ನ ತಲೆ ಹೋಗುತ್ತೆ, ಹೇಳದಿದ್ದರೆ ನಾಳೆ ಮಾವನದು. ಅಯ್ಯೋ, ಯಾವ ವೈರಿಗೂ ಬೇಡ ಅಂಥ ಗಳಿಗೆ.

"ಬಂದದ್ದು ಗಂಡು ಹೂವು, ಬಳ್ಳೀಲಿ ಮೊದಲು ಅರಳೋದೇ ಅದು. ಅದರ ಬೆನ್ನಿಗೆ ಮಿಡಿ ಇರಲ್ಲ. ಆದರೆ ಅದರ ಪುಡಿಯನ್ನ ಜೇನುಹುಳ ತಂದು ಹೆಣ್ಣು ಹೂವಿಗೆ ಮುಟ್ಟಿಸಿದರೇ ಮಿಡಿ ಕಾಯಾಗೋದು, ಇಲ್ಲದಿದ್ದರೆ ಹಳದಿಯಾಗಿ ಉದುರುತ್ತೆ. ಅವನ್ನೆಲ್ಲ ದಂಡದ ಹೂವು ಅಂತ ದಿನಾ ಕೀಳಿಸಿದವರು..." ದ್ಯಾವ ಕಣ್ಣು ಮುಚ್ಚಿಕೊಂಡ. "ನಮ್ಮ ದೊರೆಗಳೇ. ಕೀಳಬೇಡಿ ಅಂದ ಮಾವನಿಗೆ ಚಾವಟಿ ಏಟು ಬಿತ್ತು."

ದೊರೆ ಕತ್ತಿ ಹಿರಿದ.

"ಕೂತ್ಕೊಳ್ಳೋ ಮಗನೇ, ಇನ್ನೊಂದಿದೆ," ಎಂದರು ರಾಜಮಾತೆ. "ತಲೆ ಕಡಿದರೆ ಕಹಿ ಹೋಗೋದು ಯಾವುದರದು?"

ದ್ಯಾವ ಕತ್ತಿಯನ್ನೇ ನೋಡುತ್ತಿದ್ದ. ಕೆಂಪಿ ದಿನಾ ಅಡುಗೆಮನೆಯಲ್ಲಿ ಮಾಡುವ ಕೆಲಸ ಕಣ್ಣ ಮುಂದೆ ಬಂತು. "ಸೌತೇಕಾಯಿದು. ತೊಟ್ಟಿನ ತುದಿ ಕೊಯ್ದು, ಅದೇ ತುಂಡಿನಿಂದ ತಿಕ್ಕಿದರೆ ನೊರೆ ಬಂದು ಕಹಿ ಬಿಡುತ್ತೆ." ಅಳು ತಡೆಯಲಾಗಲಿಲ್ಲ. "ಅದರದು ಮಾತ್ರ ಅಮ್ಮಾವ್ರೇ, ಮನುಷ್ಯರದಲ್ಲ. ನಮ್ಮ ಮಾವನ ತಲೆ ಕಡಿದರೆ ನಮ್ಮನೆ ಕಹಿ ಏಳು ಜನ್ಮಕ್ಕೂ ಹೋಗಲ್ಲ."

ಪರದೆ ಸರಿಯಿತು. "ಕೇಳಿಸಿತೇನೋ?" ಎಂದು ಮಗನನ್ನು ನೋಡಿದರು ರಾಜಮಾತೆ. "ಗಂಡು ಹೂವು ಕೀಳಿಸಬೇಡ ಅಂತ ನಾನು ಹೇಳಿದರೆ ನೀನು ಮುದುಕಿಯ ಗೊಣಗಾಟ ಅಂತಿದ್ದೆ. ಈಗ ಗಂಜಿ ತರಿಸು." ದೊರೆಯ ಕತ್ತಿ ಒರೆಗೆ ಹೋಯಿತು. ಏನು ಬೇಕು ಎಂದಾಗ ದ್ಯಾವ ಮಾವನನ್ನು ಬಿಟ್ಟುಕೊಡಿ ಎಂದ, ಪಾಪ ಅಂತ ಪಂಡಿತರನ್ನೂ ದಳವಾಯಿಯನ್ನೂ ಸೇರಿಸಿಕೊಂಡ.

ಮಾರನೆಯ ಬೆಳಿಗ್ಗೆಯಿಂದ ದೊರೆಯೇ ಗಂಡು ಹೂವು ಹಿಡಿದು ಹೆಣ್ಣು ಹೂವಿಗೆ ಮುಟ್ಟಿಸಿದ, ತಾಯಿಯ ಅಪ್ಪಣೆ! ಕಾಯಿಗಳನ್ನು ಎಳೆಯದರಲ್ಲೇ ಕಿತ್ತಷ್ಟೂ ಬಳ್ಳಿ ಮತ್ತೆ ಬಿಟ್ಟಿತು. ಅರಮನೆ ತಿಂದು ಮಿಕ್ಕಿದ್ದು ಬುಟ್ಟಿಗಟ್ಟಲೆ ಊರಿಗೆ ಹೋಯಿತು.

ಅದೆಲ್ಲ ಆಮೇಲಿನ ಮಾತು. ಆ ಸಂಜೆ ಕೆಂಪಿ ಹೊಸ್ತಿಲಲ್ಲೇ ಕೂತಿದ್ದಳು. ಬೀದಿಯ ತುದಿಯಲ್ಲಿ ದ್ಯಾವ ಕಾಣಿಸಿದ. ಬಹುಮಾನದ ಗಂಟಿಲ್ಲ, ಶಾಲಿಲ್ಲ. ಆದರೆ ಅವನ ಕೈ ಬರಿದಾಗಿರಲಿಲ್ಲ, ಅದರಲ್ಲಿ ಅವಳಪ್ಪನ ಕೈ ಇತ್ತು.