ಹನುಮಂತರಾಯನಿಗೆ ಬೆಣ್ಣೆ ಕಡೆದ ರಾಜ

ಬನ್ನಿ ಮಕ್ಕಳೇ, ಇನ್ನೂ ಹತ್ತಿರ ಕೂತುಕೊಳ್ಳಿ. ಹೊಳೆಯಾಚೆ ಸೀಗೆಪುರ ಅಂತ ಒಂದು ರಾಜ್ಯ. ಅಲ್ಲಿ ಉದಯರಾಯ ಅಂತ ಒಬ್ಬ ರಾಜ ಇದ್ದ. ಒಳ್ಳೆಯವನು, ಕೊಡುಗೈಯವನು, ದೇವರಲ್ಲಿ ಭಕ್ತಿಯುಳ್ಳವನು. ಆದರೆ ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ರಾಜ ಅಪ್ಪಣೆ ಕೊಟ್ಟ ಮೇಲೆ ಬಾಗಿಲಲ್ಲಿ ಕಹಳೆ ಊದುತ್ತಿದ್ದರು. ಒಮ್ಮೆ ಊದಿತೋ, ಆ ಮಾತನ್ನು ರಾಜನೂ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.

ಅರಮನೆಯ ಉಗ್ರಾಣ ನೋಡಿಕೊಳ್ಳುತ್ತಿದ್ದ ಕೊಂಡಾಜಯ್ಯನಿಗೆ ಇದು ಚೆನ್ನಾಗಿ ಗೊತ್ತಿತ್ತು. ರಾಜ ಬೆಳಗಿನಿಂದ ಜನರ ದೂರು ಕೇಳಿ ಕೇಳಿ ಸುಸ್ತಾಗುತ್ತಿದ್ದ. ಹೊಟ್ಟೆ ಚುರುಗುಟ್ಟುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಕೊಂಡಾಜಯ್ಯ ಬಂದು ಕಿವಿಯ ಹತ್ತಿರ ಬಗ್ಗುತ್ತಿದ್ದ.

ಒಂದು ದಿನ ಬಗ್ಗಿದ. "ಪ್ರಭು, ಹಾಡುಗಾರ ಶರಭಯ್ಯ ನಿಮ್ಮ ನಡಿಗೆಯನ್ನು ಅಣಕಿಸಿ ಹಾಡು ಕಟ್ಟಿದ್ದಾನಂತೆ."

"ಇನ್ನು ಅವನು ಈ ಅರಮನೆಯಲ್ಲಿ ಹಾಡಕೂಡದು" ಅಂದ ರಾಜ. ಕಹಳೆ ಊದಿತು. ಶರಭಯ್ಯನಿಗೆ ಹೋಗುತ್ತಿದ್ದ ಅಕ್ಕಿ ಕೊಂಡಾಜಯ್ಯನ ಮನೆ ಸೇರಿತು.

ಇನ್ನೊಂದು ದಿನ ಬಗ್ಗಿದ. "ಪ್ರಭು, ನಿಮ್ಮ ನಿದ್ದೆ ಕೆಡಿಸುವ ಕಾಗೆಗಳೆಲ್ಲ ಅಂಗಳದ ಮಾವಿನ ಮರದಲ್ಲೇ ಇರುವುದು."

"ಕಡಿದುಹಾಕಿ ಮರವನ್ನ." ಕಹಳೆ ಊದಿತು. ಮರ ಉರುಳಿತು. ಹಲಗೆಯಾಗಿ ಕೊಂಡಾಜಯ್ಯನ ಮನೆಗೆ ಬಾಗಿಲಾಯಿತು.

ಉಂಡು ತಣ್ಣಗಾದ ಮೇಲೆ ರಾಜನಿಗೆ ಸಂಕಟ ಶುರುವಾಗುತ್ತಿತ್ತು. ಹಾಡಿಲ್ಲ, ನೆರಳಿಲ್ಲ. ಅನ್ನ ಸೇರದು, ಎದೆಯುರಿ ಬಿಡದು. ಒಂದು ದಿನ ರಾಣಿ ಹೊನ್ನಾಂಬೆಯ ಹತ್ತಿರ ಕೂತು, "ಸಿಟ್ಟು ಬಂದರೆ ನಾನು ನಾನಾಗಿರಲ್ಲ ಕಣೇ. ಏನು ಮಾಡಲಿ?" ಅಂದ.

"ಬರಬೇಡ ಅಂದರೆ ಅದು ನಿಮ್ಮ ಮಾತು ಕೇಳುತ್ತದೆಯೇ? ಬರಲಿ. ಬಂದಾಗ ಅದರ ಕೈಗೊಂದು ಕೆಲಸ ಕೊಡೋಣ" ಅಂದಳು ರಾಣಿ. "ಶನಿವಾರ ಹನುಮಂತರಾಯನಿಗೆ ಬೆಣ್ಣೆ ಅಲಂಕಾರ ಮಾಡಿಸುತ್ತೇವಲ್ಲ, ಆ ಬೆಣ್ಣೆ ನಿಮ್ಮ ಕೈಯದಾಗಲಿ ಅಂತ ಹರಕೆ ಹೊರುತ್ತೇನೆ. ಸಿಟ್ಟು ಬಂತೋ, ಮೊಸರು ಕಡೆಯಲು ಕೂರಬೇಕು. ಮೊದಲು ಬೆಣ್ಣೆ, ಆಮೇಲೆ ಕಹಳೆ."

"ರಾಜ ಮೊಸರು ಕಡೆದರೆ ಜನ ನಗುತ್ತಾರೆ."

"ಈಗ ಅಳುತ್ತಿದ್ದಾರೆ. ನಗುವುದೇ ವಾಸಿ ಅಲ್ಲವೇನೂಂದ್ರೆ?"

ರಾಜ ಮೀಸೆಯೊಳಗೇ ನಕ್ಕು ಒಪ್ಪಿಕೊಂಡ.

ಮಾರನೆಯ ದಿನವೇ ಕೊಂಡಾಜಯ್ಯ ಮೂರನೆಯ ಸಲ ಬಗ್ಗಿದ. "ಪ್ರಭು, ಪಟ್ಟದಾನೆ ಸೊರಗಿದೆ. ಮಾವುತ ಬೀರಣ್ಣ ಅದರ ಬೆಲ್ಲ ಕದ್ದು ತಿನ್ನುತ್ತಿದ್ದಾನೆ. ಕಣ್ಣಾರೆ ಕಂಡೆ."

ರಾಜನ ಕಣ್ಣು ಕೆಂಡವಾಯಿತು. "ಹೆಂಡತಿ ಮಕ್ಕಳ ಸಮೇತ ಅವನನ್ನು ಗಡಿ ದಾಟಿಸಿ."

ಬೀರಣ್ಣನನ್ನು ಎಳೆತಂದರು. ಹಿಂದೆಯೇ ಕಂಕುಳಲ್ಲಿ ಕೂಸು ಎತ್ತಿಕೊಂಡು ಅವನ ಹೆಂಡತಿ ಅಳುತ್ತ ಬಂದಳು. ಕಹಳೆಯವನು ಕಹಳೆಯನ್ನು ತುಟಿಗೆ ಇಟ್ಟೇಬಿಟ್ಟ.

"ತಡೆಯಪ್ಪ, ಬೆಣ್ಣೆ ಬರಲಿ" ಅಂದಳು ರಾಣಿ. ಮೊಸರಿನ ಗಡಿಗೆ, ಕಡೆಗೋಲು, ಹಗ್ಗ ಎಲ್ಲ ಸಭೆಗೇ ಬಂದವು.

ರಾಜ ಹಗ್ಗ ಹಿಡಿದು ಸರಬರ ಎಳೆದ. ಮೊಸರು ಹಾರಿ ಮೀಸೆಗೆ ಮೆತ್ತಿತು.

"ಪ್ರಭು, ಕಹಳೆ?" ಅಂದ ಕೊಂಡಾಜಯ್ಯ.

"ಬೆಣ್ಣೆ ಬಂದಿಲ್ಲ."

"ಇಷ್ಟು ಬಿಸಿಗೆ ಬೆಣ್ಣೆ ಕಟ್ಟುವುದಿಲ್ಲ, ನಿಧಾನ" ಅಂದಳು ರಾಣಿ. ಗಡಿಗೆಗೆ ತಣ್ಣೀರು ಸುರಿದಳು. ರಾಜನ ಕೈಗೂ ಒಂದು ಚೊಂಬು ಕೊಟ್ಟಳು. ರಾಜ ಕುಡಿದ. ಮತ್ತೆ ಕಡೆದ. ಈಗ ಹಗ್ಗ ಹೋದಾಗ ಉಸಿರು ಹೋಯಿತು, ಹಗ್ಗ ಬಂದಾಗ ಉಸಿರು ಬಂತು.

"ಪ್ರಭು, ಕಹಳೆ?"

"ಬೆಣ್ಣೆ ಬಂದಿಲ್ಲ." ಅಯ್ಯೋ, ನನಗೆ ಎಷ್ಟು ಹಸಿವಾಗಿದೆ, ಅಂದುಕೊಂಡ ರಾಜ. ಅರ್ಧ ಸಿಟ್ಟು ಹಸಿವಿನದೇ ಅಂತ ಅವನಿಗೇ ತಿಳಿಯಿತು.

"ಪ್ರಭು, ಕಹಳೆ?"

ಅಷ್ಟರಲ್ಲಿ ಬೆಣ್ಣೆ ತೇಲಿತು. ಅದರ ಜೊತೆಗೇ ರಾಜನ ಮನಸ್ಸಿನಲ್ಲಿ ಒಂದು ಪ್ರಶ್ನೆಯೂ ತೇಲಿತು. "ಕೊಂಡಾಜಯ್ಯ, ನಿನ್ನ ಮಾತು ಕೇಳಿದೆ. ಬೆಲ್ಲ ಕಳೆದುಕೊಂಡದ್ದು ಆನೆ. ಅದನ್ನು ಕೇಳುವುದು ಬೇಡವೇ?"

"ಆನೆ ಮಾತಾಡುತ್ತದೆಯೇ ಪ್ರಭು?"

"ನೋಡೋಣ, ಕರೆಸಿ."

ಆನೆ ಬಂತು. ಬೀರಣ್ಣನ ತಲೆ ಸವರಿ ಮುಂದೆ ನಡೆಯಿತು. ಸೀದಾ ಕೊಂಡಾಜಯ್ಯನ ಎದುರು ನಿಂತಿತು. ಅವನು ಹಿಂದಕ್ಕೆ ಸರಿದ, ಆನೆ ಮುಂದಕ್ಕೆ ಬಂತು. ಬೆನ್ನಿಗೆ ಗೋಡೆ ತಗುಲಿತು. ಆನೆ ಅವನ ಶಲ್ಯದ ಮಡಿಕೆಯೊಳಗೆ ಸೊಂಡಿಲು ಹಾಕಿ ಒಂದು ಅಚ್ಚು ಬೆಲ್ಲ ತೆಗೆದು ಬಾಯಿಗೆ ಹಾಕಿಕೊಂಡಿತು.

"ಅದು... ಅದು ದೇವರ ಪ್ರಸಾದ" ಅಂದ ಕೊಂಡಾಜಯ್ಯ.

"ಹೌದು ಕಣಯ್ಯ, ಗಣಪತಿಯೇ ಬಂದು ಇಸಿದುಕೊಂಡನಲ್ಲ" ಅಂದಳು ರಾಣಿ. ಸಭೆಯೆಲ್ಲ ನಕ್ಕಿತು. ಬೀರಣ್ಣನ ಹೆಂಡತಿ ಅಳುವಿನ ನಡುವೆಯೇ ನಕ್ಕಳು.

ರಾಜನಿಗೆ ಮತ್ತೆ ಸಿಟ್ಟು ಬಂತು. ಬಾಯಿ ತೆರೆದ. ಆದರೆ ಯಾರೂ ಹೇಳದೆಯೇ ಕೈ ಹಗ್ಗದ ಕಡೆ ಹೋಯಿತು. ಇನ್ನೊಂದು ಗಡಿಗೆ ಕಡೆದು, ಬೆಣ್ಣೆ ತೆಗೆದಿಟ್ಟು, ಆಮೇಲೆ ಹೇಳಿದ: "ಉಗ್ರಾಣದ ಬೀಗದಕೈ ಕೆಳಗಿಡು. ಶರಭಯ್ಯನ ಅಕ್ಕಿ ಹಿಂದಕ್ಕೆ ಕೊಡು. ಇನ್ನು ಆನೆಯ ಬೆಲ್ಲವನ್ನು ದಿನಾ ನೀನೇ ತಲೆಯ ಮೇಲೆ ಹೊತ್ತು ತರಬೇಕು. ಬೀರಣ್ಣ ನೋಡಿಕೊಳ್ಳುತ್ತಾನೆ."

ಆಗ ಕಹಳೆ ಊದಿತು.

ಶರಭಯ್ಯ ಅರಮನೆಯಲ್ಲಿ ಹಾಡುವಂತಿರಲಿಲ್ಲ. ಅದಕ್ಕೆ ರಾಜನೇ ಸಂಜೆ ಸಂಜೆ ಅವನ ಮನೆಯ ಜಗಲಿಗೆ ಹೋಗಿ ಕೂತು ಹಾಡು ಕೇಳಿದ. ಮಾವಿನ ಮರ ಮಾತ್ರ ಮರಳಿ ಬರಲಿಲ್ಲ. ಅದೇ ಜಾಗದಲ್ಲಿ ಒಂದು ಸಸಿ ನೆಟ್ಟು ತಾನೇ ನೀರು ಹಾಕುತ್ತಿದ್ದ.

ಬರಬರುತ್ತ ಗುಡಿಯ ಪೂಜಾರಿ ಗೊಣಗತೊಡಗಿದ. "ತಾಯಿ, ರಾಜರಿಗೆ ಈಚೆಗೆ ಸಿಟ್ಟೇ ಬರುವುದಿಲ್ಲ. ಹನುಮಂತರಾಯನ ಬಾಲಕ್ಕೇ ಬೆಣ್ಣೆ ಸಾಲುತ್ತಿಲ್ಲ."

ರಾಣಿ ರಾಜನ ಮುಖ ನೋಡಿದಳು. ರಾಜ ತೋಳು ಮೇಲೇರಿಸಿ, "ಗಡಿಗೆ ತಾ. ಇವತ್ತು ಸುಮ್ಮನೆ ಸಂತೋಷಕ್ಕೆ ಕಡೆಯುತ್ತೇನೆ" ಅಂದ.

ನೋಡಿ ಮಕ್ಕಳೇ, ಸಿಟ್ಟು ಬರುವುದು ತಪ್ಪಲ್ಲ, ಅದು ಎಲ್ಲರಿಗೂ ಬರುತ್ತದೆ. ಅದು ಇಳಿಯುವ ಮೊದಲೇ ತೀರ್ಮಾನ ಮಾಡುವುದು ತಪ್ಪು. ಸಿಟ್ಟು ಬಂದಾಗ ತಣ್ಣೀರು ಕುಡಿಯಿರಿ, ಕೈಗೊಂದು ಕೆಲಸ ಕೊಡಿ, ಉಸಿರು ಸಮನಾಗಲಿ. ಆಡಬೇಕಾದ ಮಾತು ಆಮೇಲೆ ತಾನಾಗಿ ತೇಲಿ ಬರುತ್ತದೆ. ಸೀಗೆಪುರದವರು ತಣ್ಣಗಿದ್ದರು, ನಾವೂ ನೀವೂ ಹಾಗೇ ತಣ್ಣಗಿರೋಣ.