ಫಿರಂಗಿ ಹೊತ್ತವರು

"ಗುರುಗಳೇ, ಆಫ್ರಿಕಾದ ಯಾವುದಾದರೂ ಒಂದು ರಾಜ್ಯ ಬ್ರಿಟಿಷರನ್ನು ತಡೆದು ನಿಲ್ಲಿಸಬಹುದಿತ್ತೇ?" ಎಂದು ಶಿಷ್ಯ ಕೇಳಿದ.

ಅವನು ಚರಿತ್ರೆ ಓದಿ ಬಂದವನು. ಉತ್ತರವನ್ನೂ ಜೊತೆಗೇ ತಂದಿದ್ದ. "ಅವರಲ್ಲಿ ಫಿರಂಗಿಯಿತ್ತು, ಇವರಲ್ಲಿ ಹಳೆಯ ಕೋವಿಗಳು. ಆಗುತ್ತಿರಲಿಲ್ಲ ಎಂದೇ ನನಗೆ ತೋರುತ್ತದೆ" ಎಂದ.

ಗುರುಗಳು ನಕ್ಕರು. "ಉತ್ತರ ನಿನ್ನ ಜೇಬಿನಲ್ಲೇ ಇರುವಾಗ ನನ್ನ ಬಾಗಿಲನ್ನೇಕೆ ತಟ್ಟಿದೆ? ಇರಲಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ಬರಿ ಕತೆ, ಇದನ್ನು ನಿನ್ನ ಪುಸ್ತಕಗಳಲ್ಲಿ ಹುಡುಕಲು ಹೋಗಬೇಡ" ಎಂದು ಹೇಳತೊಡಗಿದರು.

ಕಡಲಿನಿಂದ ಬಹುದೂರ, ದಟ್ಟ ಕಾಡಿನ ನಡುವೆ ಒಂದು ರಾಜ್ಯವಿತ್ತು. ಅದರ ದೊರೆಯ ಪಾದ ಬರಿ ನೆಲವನ್ನು ಮುಟ್ಟುವಂತಿರಲಿಲ್ಲ. ಪಟ್ಟವೇರಿದ ದಿನ ಹಿರಿಯರು ಅವನ ಕಾಲಿಗೆ ಚಪ್ಪಲಿ ತೊಡಿಸುತ್ತಿದ್ದರು. ಜನರ ಕಣ್ಣೆದುರು ಅವನು ಬರಿಗಾಲಲ್ಲಿ ನೆಲ ತುಳಿದರೆ ಆ ಗಳಿಗೆಯಿಂದ ದೊರೆಯಲ್ಲ. ಕೆಟ್ಟ ದೊರೆಯನ್ನು ಇಳಿಸುವಾಗಲೂ ಯಾರೂ ಕತ್ತಿ ಹಿರಿಯುತ್ತಿರಲಿಲ್ಲ, ಹಿರಿಯರು ಬಂದು ಚಪ್ಪಲಿ ಕಳಚುತ್ತಿದ್ದರು. ನಗಬೇಡ. ನಮ್ಮ ಕಡೆ ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರು ಒಬ್ಬರ ಕುತ್ತಿಗೆ ಒಬ್ಬರು ಕೊಯ್ದಿದ್ದಾರೆ.

ಕಡಲ ತೀರದಿಂದ ಬ್ರಿಟಿಷರ ಸೈನ್ಯ ಹೊರಟಿತು. ದೊರೆ ಅದನ್ನು ನೋಡಿ ಬರಲು ಒಬ್ಬ ಬೇಟೆಗಾರನನ್ನು ಕಳಿಸಿದ. ಅವನು ಮರಳಿ ಬಂದಾಗ ಸಭೆ ಕೂಡಿತ್ತು.

"ಫಿರಂಗಿ ಹೇಗಿದೆ?" ಎಂದು ದೊರೆ ಕೇಳಿದ.

"ಭಯಂಕರವಾಗಿದೆ, ಒಡೆಯಾ. ಆದರೆ ಅದು ತಾನಾಗಿ ನಡೆಯಲಾರದು. ನಮ್ಮ ಕಾಡಿನ ನೊಣ ಕಚ್ಚಿ ಅವರ ಎತ್ತು ಕುದುರೆಗಳೆಲ್ಲ ಸತ್ತಿವೆ. ಫಿರಂಗಿಯನ್ನು ಬಿಚ್ಚಿ, ತುಂಡು ತುಂಡಾಗಿ ಜನರ ತಲೆಯ ಮೇಲೆ ಹೊರಿಸಿ ತರುತ್ತಿದ್ದಾರೆ."

"ಯಾವ ಜನ?"

ಬೇಟೆಗಾರ ತಲೆ ತಗ್ಗಿಸಿದ. "ಹೊಳೆಯಾಚೆಯವರು" ಎಂದ.

ಆ ರಾಜ್ಯದವರು ತಲೆಮಾರುಗಳಿಂದ ಹೊಳೆಯಾಚೆಯ ಹಳ್ಳಿಗಳ ಮೇಲೆ ಬಿದ್ದು, ಜನರನ್ನು ಹಿಡಿದು ತಂದು ಹಡಗಿನವರಿಗೆ ಮಾರಿದ್ದರು. ಈ ದೊರೆಯೂ ಮಾರಿದ್ದ. ಅವರ ಕೋವಿಗಳೆಲ್ಲ ಬಂದದ್ದು ಹಾಗೆಯೇ.

ಸೇನಾಪತಿ ಎದ್ದು ನಿಂತ. ಹೊರುವವರನ್ನೇ ಪೊದೆಯ ಮರೆಯಿಂದ ಹೊಡೆದು ಕೆಡವೋಣ, ಹೊರೆ ಅಲ್ಲೇ ಬೀಳುತ್ತದೆ ಎಂದ. ದೊರೆ ಅದಕ್ಕೆ ಒಪ್ಪಲಿಲ್ಲ. ಬೇಟೆಗಾರನನ್ನು ಮಾತ್ರ ಕರೆದುಕೊಂಡು ಕಾಡಿನೊಳಕ್ಕೆ ನಡೆದ. ಛತ್ರಿ ಹಿಡಿಯುವವನೂ ಜೊತೆಗಿರಲಿಲ್ಲ.

ಸಿಪಾಯಿಗಳು ಮುಂದೆ ಮರ ಕಡಿದು ದಾರಿ ಮಾಡುತ್ತಿದ್ದರು. ಹೊರುವವರು ಹಿಂದೆ ಒಂದು ತೊರೆಯ ಬಳಿ ದಣಿವಾರಿಸಿಕೊಂಡು ಮತ್ತೆ ಹೊರೆ ಏರಿಸಿಕೊಳ್ಳುತ್ತಿದ್ದರು. ಚಪ್ಪಲಿ ನೋಡಿದೊಡನೆ ಬಂದವನು ಯಾರೆಂದು ಅವರಿಗೆ ತಿಳಿಯಿತು. ಕೆಲವರು ಕಲ್ಲು ಎತ್ತಿಕೊಂಡರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಗುಂಡಿನ ಪೆಟ್ಟಿಗೆ ಹೊತ್ತಿದ್ದ ಒಬ್ಬ ಮುದುಕಿ ಎಲ್ಲರನ್ನೂ ಸರಿಸಿ ಅವನ ಎದುರು ಬಂದು ನಿಂತಳು.

"ತಾಯೀ, ಅದನ್ನು ಇಳಿಸು" ಎಂದ ದೊರೆ.

"ನನ್ನ ಮಗಳನ್ನು ತಂದುಕೊಡು, ಇಳಿಸುತ್ತೇನೆ" ಎಂದಳು ಅವಳು.

ಮಗಳು ಹಡಗು ಹತ್ತಿ ಕಡಲಾಚೆ ಹೋಗಿ ಎಷ್ಟೋ ಕಾಲವಾಗಿತ್ತು. ಬದುಕಿದ್ದಾಳೋ ಇಲ್ಲವೋ ಬಲ್ಲವರಿರಲಿಲ್ಲ. ದೊರೆ ಬಗ್ಗಿ ಒಂದು ಚಪ್ಪಲಿ ಕಳಚಿದ. ಇನ್ನೊಂದನ್ನೂ ಕಳಚಿದ. ಕೆಸರಿನ ಮೇಲೆ ಪಾದ ಊರಿದ.

"ಅವಳನ್ನು ತರಲಾರೆ, ತಾಯೀ. ಅವಳನ್ನು ಮಾರಿದವನು ಇನ್ನು ದೊರೆಯಾಗಿಯೂ ಇರಲಾರ" ಎಂದ.

ಬೇಟೆಗಾರ ಕಣ್ಣು ಮುಚ್ಚಿಕೊಂಡು ಗೋಳಿಟ್ಟ. ಎತ್ತಿದ ಕಲ್ಲುಗಳು ಎತ್ತಿದ ಕೈಗಳಲ್ಲೇ ಉಳಿದವು. ಪಟ್ಟವೇರಿದ ಮೇಲೆ ನೆಲವನ್ನೇ ಕಾಣದ ಆ ಪಾದಗಳು ಹಸುಗೂಸಿನ ಪಾದದಷ್ಟು ಮೆತ್ತಗಿದ್ದವು. ಮುದುಕಿ ಅವನ್ನೇ ನೋಡುತ್ತಿದ್ದಳು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ, ಮಗೂ. ಅಷ್ಟು ದೊಡ್ಡ ರಾಜ್ಯದಲ್ಲಿ ಅದಕ್ಕಿಂತ ದೊಡ್ಡದೇನೂ ಎಂದೂ ನಡೆದಿರಲಿಲ್ಲ.

ಅವಳು ಕ್ಷಮಿಸಿದಳೆಂದು ನಾನು ಹೇಳುವುದಿಲ್ಲ. ಕ್ಷಮಿಸಬೇಕೆಂದು ಹೇಳಲು ನಾವು ಯಾರು? ಅವಳು ಪೆಟ್ಟಿಗೆಯನ್ನು ತೊರೆಗೆ ಹಾಕಿ, ಸಿಂಬಿಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ತನ್ನ ಊರಿನ ದಾರಿ ಹಿಡಿದಳು. ಒಬ್ಬರ ಹಿಂದೆ ಒಬ್ಬರು ಎಲ್ಲರೂ ಹೊರೆ ಇಳಿಸಿ ಹೊರಟರು. ಸಿಪಾಯಿಗಳು ಮರಳಿ ಬಂದಾಗ ಫಿರಂಗಿ ತುಂಡು ತುಂಡಾಗಿ ಬಿದ್ದಿತ್ತು, ಎತ್ತಲು ಆಳಿರಲಿಲ್ಲ. ಮಳೆ ಹಿಡಿಯಿತು, ಜ್ವರ ಹಬ್ಬಿತು. ಸೈನ್ಯ ಬಂದ ದಾರಿಯಲ್ಲೇ ಹಿಂತಿರುಗಿತು.

ರಾಜ್ಯ ಉಳಿಯಿತು. ಆದರೆ ಕಟ್ಟಳೆ ಕಟ್ಟಳೆಯೇ. ಹಿರಿಯರು ಅಳುತ್ತಲೇ ಬೇರೊಬ್ಬನಿಗೆ ಪಟ್ಟ ಕಟ್ಟಿದರು. ಹಳೆಯ ದೊರೆ ಗೆಣಸು ಬೆಳೆದುಕೊಂಡು, ಎಲ್ಲರಂತೆ ಬರಿಗಾಲಲ್ಲಿ ಓಡಾಡಿಕೊಂಡು ಬದುಕಿದ. ಅವನು ದಾರಿಯಲ್ಲಿ ಬಂದರೆ ಸೇನಾಪತಿಯೂ ಬದಿಗೆ ಸರಿದು ನಿಲ್ಲುತ್ತಿದ್ದ. ಹೀಗೇ ಒಂದು ದಿನ ಆ ಹಳೆಯ ದೊರೆ ತೀರಿಕೊಂಡ.

ಅವನು ತೀರಿಕೊಂಡ ಮೇಲೆ ಬ್ರಿಟಿಷರು ಮತ್ತೆ ಬಂದರು. ಈ ಸಲವೂ ಫಿರಂಗಿ ಹೊತ್ತವರು ಹೊಳೆಯಾಚೆಯವರೇ. ಮಳೆ ಹಿಡಿಯುವ ಮೊದಲೇ ರಾಜಧಾನಿ ಸುಟ್ಟು ಬೂದಿಯಾಯಿತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಹೊಸ ದೊರೆಗೆ ಉಪಾಯ ಗೊತ್ತಿತ್ತಲ್ಲ ಗುರುಗಳೇ! ಅದು ಒಂದು ಸಲ ಫಲಿಸಿದ್ದನ್ನು ಕಂಡವನೇ ಅಲ್ಲವೇ? ಅವನೇಕೆ ಹೊರುವವರ ಬಳಿಗೆ ಹೋಗಲಿಲ್ಲ?"

"ಹೋಗಿದ್ದನಪ್ಪಾ," ಎಂದರು ಗುರುಗಳು, "ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ."