ನೆಗ್ಗು ಬಿದ್ದ ಬಾಗಿಲು

ಆಯುಧಪೂಜೆಯ ಬೆಳಿಗ್ಗೆ ಶೆಡ್ಡಿನಿಂದ ಹೊರಬಂದ ಹಳೆಯ ಕಾರಿಗೆ ಹಿಗ್ಗೋ ಹಿಗ್ಗು. ಹಳೆಯ ಕಾರುಗಳ ಚಿತ್ರ ತೆಗೆಯುತ್ತ ಊರೂರು ಸುತ್ತುವ ಭಾಮಿನಿಯವರು ಕ್ಯಾಮೆರಾ ಹಿಡಿದು ಗೇಟಿನೊಳಗೆ ಬಂದಿದ್ದರು. ಅವರ ಆಲ್ಬಮ್ ಸೇರಬೇಕೆಂಬುದು ಕಾರಿನ ಬಹುದಿನದ ಆಸೆ. ಆದರೆ ಬಾಗಿಲಿನ ನೆಗ್ಗು ನೆನಪಾದದ್ದೇ ಅದಕ್ಕೆ ನಾಚಿಕೆಯಾಯಿತು.

"ಮಗಳೇ, ಸ್ವಲ್ಪ ಈ ಕಡೆ ಜಾರಿ ನನ್ನ ನೆಗ್ಗು ಮುಚ್ಚು," ಎಂದು ಅದು ಕೊರಳಿನ ಚೆಂಡುಹೂವಿನ ಹಾರವನ್ನು ಬೇಡಿಕೊಂಡಿತು.

"ನನ್ನನ್ನು ಕಟ್ಟಿದ್ದು ಪೂಜೆಗೆ ಅಜ್ಜಿ, ಗುಟ್ಟು ಮುಚ್ಚುವುದಕ್ಕಲ್ಲ," ಎಂದು ಗೊಣಗುತ್ತಲೇ ಹಾರ ಬಾಗಿಲ ಮೇಲೆ ಹರಡಿಕೊಂಡಿತು.

ಕ್ಯಾಮೆರಾ ಕಣ್ಣು ತೆರೆದು ನೋಡಿತು. "ಹೂವಿನ ಅಂಗಡಿ ನೋಡಲು ಇಷ್ಟು ದೂರ ಬರಬೇಕಿತ್ತೇ? ಕಾರೆಲ್ಲಿ?"

ಭಾಮಿನಿಯವರೂ ನಿಟ್ಟುಸಿರುಬಿಟ್ಟು ಕ್ಯಾಮೆರಾದ ಮುಚ್ಚಳ ಹಾಕಲು ಹೊರಟರು. ಕಾರಿಗೆ ಗಾಬರಿಯಾಯಿತು. "ಪಕ್ಕಕ್ಕೆ ಸರಿ ಮಗಳೇ, ಬೇಗ!"

ಹಾರ ಸರಿಯಿತು.

"ಇದೇನಿದು?" ಎಂದಿತು ಕ್ಯಾಮೆರಾ.

"ಈ ಮನೆಯ ಹುಡುಗಿ ನನ್ನಲ್ಲಿ ಡ್ರೈವಿಂಗ್ ಕಲಿಯುವಾಗ ಕಂಬಕ್ಕೆ ಗುದ್ದಿಸಿದ್ದು. ಪೆಟ್ಟೆಲ್ಲ ನಾನೇ ತಿಂದೆ. ಅವಳಿಗೆ ಒಂದು ಗೀರೂ ಆಗಲಿಲ್ಲ," ಎಂದಿತು ಕಾರು, ನಾಚಿಕೆ ಮರೆತು.

"ಅಜ್ಜಿ, ಕದಲಬೇಡಿ!" ಎಂದಿತು ಕ್ಯಾಮೆರಾ.

ಭಾಮಿನಿಯವರು ಮಂಡಿಯೂರಿ ಕುಳಿತು, ನೆಗ್ಗನ್ನು ಮೆಲ್ಲಗೆ ಸವರಿ, ಒಂದರ ಮೇಲೊಂದು ಚಿತ್ರ ತೆಗೆದರು. ಕ್ಯಾಮೆರಾ ದಣಿದು ಕಣ್ಣು ಮುಚ್ಚಬೇಕೆನ್ನುವಷ್ಟರಲ್ಲಿ ಕಾರು ಕೂಗಿತು:

"ಇಷ್ಟಕ್ಕೇ ಮುಗಿಸಿದಿರಾ? ಹಿಂದೆ ಬನ್ನಿ, ಬಂಪರಿನಲ್ಲಿ ಇದಕ್ಕಿಂತ ದೊಡ್ಡದಿದೆ!"